ಗೇರು ಯಾರ ತಟ್ಟೆಗೆ, ವಿಷ ಯಾರ ಬಾವಿಗೆ?

ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳ ಗುಡ್ಡಗಳಲ್ಲಿ ಬೆಳೆದ ಗೇರುಬೀಜ ಕಾರ್ಖಾನೆ ಸೇರಿ, ಸಿಪ್ಪೆ ಕಳಚಿ, ಡಬ್ಬಿಯೊಳಗೆ ಕೂತು ದೂರದೂರುಗಳಿಗೆ ಹೋಗುತ್ತಿತ್ತು. ಆ ಬೀಜಕ್ಕಾಗಿ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಇಳಿದದ್ದು ಮಾತ್ರ ಅಲ್ಲಿನ ತೋಡಿಗೆ, ಬಾವಿಗೆ, ದನ ಮೇಯುವ ಹುಲ್ಲಿಗೆ, ಮನೆಯಂಗಳಕ್ಕೆ. ಹಾಸಿಗೆ ಬಿಟ್ಟು ಏಳಲಾಗದವರು, ಮಾತು ಬಾರದವರು, ಬುದ್ಧಿ ಬೆಳೆಯದವರು, ಅಪಸ್ಮಾರದಿಂದ ನರಳುವವರು ಇಂದಿಗೂ ಆ ಊರುಗಳಲ್ಲಿದ್ದಾರೆ. ಪತ್ರಿಕೆಗಳು ಅವರನ್ನು 'ಎಂಡೋ ಪೀಡಿತ ಮಕ್ಕಳು' ಎಂದು ಬರೆಯಲು ಶುರುಮಾಡಿ ಬಹಳ ವರ್ಷಗಳಾದವು. ಅವರಲ್ಲಿ ಅನೇಕರಿಗೆ ಈಗ ಮೂವತ್ತು, ನಲವತ್ತರ ಪ್ರಾಯ. ಅವರನ್ನು ಎತ್ತಿ ಕೂರಿಸಿ, ತುತ್ತು ಉಣಿಸುವ ತಾಯಂದಿರಿಗೆ ವಯಸ್ಸಾಗಿದೆ.

ಪರಿಸರ ನಾಶದ ಹೊಣೆ ಯಾರದು ಎಂಬ ವಾದ ಜಗತ್ತಿನ ಸಮ್ಮೇಳನಗಳಲ್ಲಿ ಹಲವು ದಶಕಗಳಿಂದ ನಡೆದಿದೆ. ವಸ್ತು ಎಲ್ಲಿ ತಯಾರಾಯಿತೋ ಆ ದೇಶವೇ ಹೊಣೆ ಎನ್ನುವುದು ಒಂದು ಪಕ್ಷ. ಅದನ್ನು ಕೊಂಡು ಬಳಸಿದವರದೇ ಹೊಣೆ, ಬೇಡಿಕೆ ಇಲ್ಲದಿದ್ದರೆ ತಯಾರಿಕೆಯೇ ಇರುತ್ತಿರಲಿಲ್ಲ ಎನ್ನುವುದು ಇನ್ನೊಂದು ಪಕ್ಷ. ಈ ವಾದ ಸಾಮಾನ್ಯವಾಗಿ ಕಲ್ಲಿದ್ದಲು, ಉಕ್ಕು, ಇಂಗಾಲದ ಲೆಕ್ಕದಲ್ಲೇ ಸುತ್ತುತ್ತದೆ. ಅದನ್ನು ಕೊಕ್ಕಡದಲ್ಲಿ ನಿಂತು ನೋಡಬೇಕು ಎಂಬುದು ನನ್ನ ಒತ್ತಾಯ. ಅಲ್ಲಿ ನಿಂತವರಿಗೆ ಎರಡೂ ಪಕ್ಷಗಳ ಕೊರತೆ ಸ್ಪಷ್ಟವಾಗಿ ಕಾಣುತ್ತದೆ.

ಗುಡ್ಡಕ್ಕೆ ಗೇರು ಬಂದ ಬಗೆ

ಗೇರು ನಮ್ಮ ಕರಾವಳಿಗೆ ಬಂದದ್ದು ಪೋರ್ಚುಗೀಸರ ಜೊತೆ, ಬ್ರೆಜಿಲಿನಿಂದ, 16ನೆಯ ಶತಮಾನದಲ್ಲಿ. ಸುಮಾರು ಮೂರೂವರೆ ಶತಮಾನ ಅದು ಗುಡ್ಡದ ಬದಿಯಲ್ಲಿ ತನ್ನ ಪಾಡಿಗೆ ಬೆಳೆದು ಮಕ್ಕಳಿಗೆ ಹಣ್ಣು, ಮನೆಗೆ ಬೀಜ ಕೊಡುವ ಮರವಾಗಿತ್ತು. 1920ರ ದಶಕದಲ್ಲಿ ಮಂಗಳೂರು ಮತ್ತು ಕೊಲ್ಲಂನಿಂದ ತಿರುಳು ಅಮೆರಿಕಕ್ಕೆ ಹೋಗತೊಡಗಿದ ಮೇಲೆ ಅದು ವ್ಯಾಪಾರದ ಸರಕಾಯಿತು. ಮುಂದೆ ಸೋವಿಯತ್ ಒಕ್ಕೂಟವೂ ದೊಡ್ಡ ಗಿರಾಕಿಯಾಯಿತು. ನಮ್ಮ ಕಾರ್ಖಾನೆಗಳ ಹಸಿವಿಗೆ ಊರಿನ ಬೀಜ ಸಾಲುತ್ತಿರಲಿಲ್ಲ. ಮೊಜಾಂಬಿಕ್, ತಾಂಜಾನಿಯಾಗಳಿಂದ ಹಸಿ ಬೀಜ ತರಿಸಿ, ಸುಟ್ಟು, ಒಡೆದು, ಸಿಪ್ಪೆ ತೆಗೆದು ಕಳುಹಿಸುವುದು ರೂಢಿಯಾಗಿತ್ತು.

1970ರ ದಶಕದಲ್ಲಿ ಈ ಸರಪಳಿ ಕಳಚಿತು. ಪೂರ್ವ ಆಫ್ರಿಕದ ದೇಶಗಳು ತಮ್ಮಲ್ಲೇ ಸಂಸ್ಕರಣೆಗೆ ಹೊರಟವು, ಅಲ್ಲಿನ ಇಳುವರಿಯೂ ಕುಸಿಯಿತು. ಕಾರ್ಖಾನೆಗಳಿಗೆ ಬೀಜವಿಲ್ಲ, ದೇಶಕ್ಕೆ ವಿದೇಶಿ ವಿನಿಮಯ ಬೇಕು. ಹಾಗಾಗಿ ನಮ್ಮದೇ ಗುಡ್ಡಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಗೇರು ಬೆಳೆಸುವ ಯೋಜನೆ ಬಂತು. ವಿಶ್ವಬ್ಯಾಂಕಿನ ನೆರವಿನಲ್ಲಿ ಹಲವು ರಾಜ್ಯಗಳ ಗೇರು ಯೋಜನೆ ನಡೆಯಿತು. 1978ರಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮ ಮಂಗಳೂರಿನಲ್ಲಿ ಸ್ಥಾಪನೆಯಾಗಿ, ಅರಣ್ಯ ಇಲಾಖೆಯ ಭೂಮಿಯಲ್ಲಿ ತೋಪುಗಳನ್ನು ನಿರ್ವಹಿಸತೊಡಗಿತು. ಅದರ ಕೈಯಲ್ಲಿದ್ದ ತೋಪು ಸುಮಾರು 25 ಸಾವಿರ ಹೆಕ್ಟೇರ್. ಬಂಟ್ವಾಳ ತಾಲ್ಲೂಕಿನ ವಿಟ್ಲದ ಕೇಂದ್ರದಲ್ಲಿ ಗೇರು ತಳಿಗಳ ಸಂಶೋಧನೆ ನಡೆಯಿತು. 1986ರಲ್ಲಿ ಪುತ್ತೂರಿನಲ್ಲಿ ಗೇರಿಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರ ಬಂತು. ಅಂದರೆ ಕೊಕ್ಕಡದ ಗುಡ್ಡದಲ್ಲಿ ಒಂದೇ ಜಾತಿಯ ಮರ ಸಾಲುಗಟ್ಟಿ ನಿಂತದ್ದರ ಹಿಂದೆ ಅಮೆರಿಕದ ಬೇಡಿಕೆ, ಆಫ್ರಿಕದ ಕೊರತೆ, ದೆಹಲಿ ಮತ್ತು ಬೆಂಗಳೂರಿನ ತೀರ್ಮಾನ, ವಿಶ್ವಬ್ಯಾಂಕಿನ ಹಣ ಎಲ್ಲವೂ ಇದ್ದವು. ಕೊಕ್ಕಡದವರ ಒಪ್ಪಿಗೆಯೊಂದು ಇರಲಿಲ್ಲ.

ಹತ್ತಾರು ಬಗೆಯ ಮರಗಳ ನಡುವೆ ಚದುರಿ ನಿಂತಾಗ ಗೇರಿಗೆ ಕೀಟ ಅಷ್ಟು ಕಾಡುವುದಿಲ್ಲ. ನೂರಾರು ಎಕರೆ ಒಂದೇ ಬೆಳೆಯಾದಾಗ ಟೀ ಸೊಳ್ಳೆ ಎಂಬ ಕೀಟ ಹಬ್ಬಿತು. ಹೆಸರಿಗೆ ಸೊಳ್ಳೆಯಾದರೂ ಇದು ತಿಗಣೆಯ ಕುಲದ್ದು. ಚಿಗುರು, ಹೂಗೊಂಚಲು, ಎಳೆಗಾಯಿಗಳ ರಸ ಹೀರಿ ಒಣಗಿಸುತ್ತದೆ. ಅದರ ಉಪಟಳ ಜೋರಾದ ವರ್ಷ ಇಳುವರಿ ಅರ್ಧಕ್ಕೆ ಇಳಿಯುವುದೂ ಉಂಟು. ಚಿಗುರುವಾಗ, ಹೂಬಿಡುವಾಗ, ಕಾಯಿ ಕಚ್ಚುವಾಗ ಹೀಗೆ ಮೂರು ಸಲ ಔಷಧಿ ಹೊಡೆಯುವುದು ಪದ್ಧತಿಯಾಯಿತು. ಎತ್ತರದ ಮರ, ವಿಶಾಲ ತೋಪು, ಕೂಲಿಯ ಖರ್ಚು ಎಲ್ಲವನ್ನೂ ಲೆಕ್ಕ ಹಾಕಿದಾಗ ಹೆಲಿಕಾಪ್ಟರ್ ಅಗ್ಗವಾಗಿ ಕಂಡಿತು. ಕಾಸರಗೋಡಿನಲ್ಲಿ ಕೇರಳ ಪ್ಲಾಂಟೇಶನ್ ನಿಗಮ 1970ರ ದಶಕದ ಮಧ್ಯದಿಂದ 2000ದವರೆಗೆ ತನ್ನ ತೋಪುಗಳ ಮೇಲೆ ಹೀಗೆ ಎಂಡೋಸಲ್ಫಾನ್ ಸುರಿಯಿತು. 1980ರ ದಶಕದಿಂದ ನಮ್ಮ ದಕ್ಷಿಣ ಕನ್ನಡದಲ್ಲೂ ಅದೇ ನಡೆಯಿತು.

ಗುಡ್ಡದ ನೆತ್ತಿಯಿಂದ ಬಾವಿಯ ತಳಕ್ಕೆ

ನಮ್ಮ ನೆಲದ ಏರಿಳಿತ ಬಲ್ಲವರಿಗೆ ಇದರ ಪರಿಣಾಮ ಬಿಡಿಸಿ ಹೇಳಬೇಕಿಲ್ಲ. ತೋಪು ಇರುವುದು ಮುರಕಲ್ಲಿನ ಗುಡ್ಡದ ಮೇಲೆ. ಮನೆ, ಹಟ್ಟಿ, ಅಡಿಕೆ ತೋಟ, ಕೆರೆ, ಬಾವಿ, ಶಾಲೆ ಇರುವುದು ಕೆಳಗಿನ ಕಣಿವೆಯಲ್ಲಿ. ಮರದ ತುದಿಗೆ ತೀರಾ ಹತ್ತಿರ ಹಾರಬೇಕು, ಊರವರಿಗೆ ಮೊದಲೇ ತಿಳಿಸಬೇಕು, ನೀರಿನ ಸೆಲೆಗಳನ್ನು ಮುಚ್ಚಬೇಕು ಎಂಬ ನಿಯಮಗಳಿದ್ದವು. ಏರು, ಇಳಿಜಾರು, ಕೊರಕಲುಗಳ ನಾಡಿನಲ್ಲಿ ಹೆಲಿಕಾಪ್ಟರ್ ಅಷ್ಟು ಕೆಳಗೆ ಹಾರುವಂತಿಲ್ಲ. ಹರಿಯುವ ತೋಡನ್ನು ಮುಚ್ಚುವ ಬಗೆ ಯಾರಿಗೂ ಗೊತ್ತಿಲ್ಲ. ಗಾಳಿ ತಂದದ್ದು ಅಂಗಳಕ್ಕೆ ಬಿತ್ತು, ಉಳಿದದ್ದನ್ನು ಮಳೆ ಇಳಿಸಿತು. ಮುರಕಲ್ಲಿನಲ್ಲಿ ಇಂಗಿದ ನೀರೇ ನಮ್ಮ ಬಾವಿಗಳಿಗೆ ಬರುವ ಒರತೆ.

ಎಂಡೋಸಲ್ಫಾನನ್ನು 1950ರ ದಶಕದಲ್ಲಿ ತಯಾರಿಸಿದ್ದು ಜರ್ಮನಿಯ ಹೋಕ್ಸ್ಟ್ ಕಂಪನಿ. ಇದು ಕ್ಲೋರಿನ್ ಇರುವ, ಬೇಗನೆ ಕರಗಿ ಮಾಯವಾಗದ ವಿಷ. ನರಮಂಡಲದ ಮೇಲೆ ನೇರ ದಾಳಿ ಮಾಡುತ್ತದೆ. ಮೀನಿಗೆ ತೀರಾ ಅಪಾಯಕಾರಿ. ಭಾರತದಲ್ಲಿ ಕೇಂದ್ರ ಸರ್ಕಾರದ್ದೇ ಆದ ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್ ಸೇರಿದಂತೆ ಕೆಲವು ಕಂಪನಿಗಳು ಅದನ್ನು ತಯಾರಿಸಿದವು. ಕೊನೆಕೊನೆಗೆ ಜಗತ್ತಿನಲ್ಲೇ ಅತಿ ಹೆಚ್ಚು ಎಂಡೋಸಲ್ಫಾನ್ ತಯಾರಿಸುವ ದೇಶ ನಮ್ಮದಾಗಿತ್ತು.

ಎಚ್ಚರಿಕೆ ಬಂದದ್ದು ಗಡಿಯಾಚೆಯ ಕನ್ನಡದ ಊರಿನಿಂದ. ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕ ದಾಟಿದರೆ ಕಾಸರಗೋಡಿನ ಪೆರ್ಲ, ಎಣ್ಮಕಜೆ ಸಿಗುತ್ತವೆ. ಅಲ್ಲಿನ ಪಡ್ರೆ ಗ್ರಾಮದಲ್ಲಿ ಕರುಗಳು ಅಂಗವಿಕಲವಾಗಿ ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀ ಪಡ್ರೆ 1980ರ ದಶಕದ ಆರಂಭದಲ್ಲೇ ಬರೆದರು. ಅದೇ ಊರಿನ ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡ ವಿಚಿತ್ರ ಕಾಯಿಲೆಗಳನ್ನು ದಾಖಲಿಸಿ ಪ್ರಶ್ನೆ ಎತ್ತಿದರು. ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿ ಆಕಾಶ ಸಿಂಪಡಣೆಗೆ ತಡೆ ತಂದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ 2001ರಲ್ಲಿ ಪಡ್ರೆಯಲ್ಲಿ ಅಧ್ಯಯನ ನಡೆಸಿ ಶಾಲಾಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಪತ್ತೆಮಾಡಿತು. ಕೊಕ್ಕಡ, ಪಟ್ರಮೆ, ನಿಡ್ಲೆಯವರ ದನಿ ಕರ್ನಾಟಕದಲ್ಲಿ ಕೇಳಿಸಲು ಇನ್ನೂ ಕೆಲವು ವರ್ಷ ಬೇಕಾಯಿತು.

ಪ್ರತಿಯೊಂದು ಕಾಯಿಲೆಗೂ ಎಂಡೋಸಲ್ಫಾನೇ ಕಾರಣವೆಂದು ಸಾಬೀತಾಗಿಲ್ಲ ಎಂದು ವಾದಿಸಿದ ವಿಜ್ಞಾನಿಗಳೂ ಸಮಿತಿಗಳೂ ಇದ್ದಾರೆ. ಒಬ್ಬೊಬ್ಬ ರೋಗಿಯ ವಿಷಯದಲ್ಲಿ ಆ ಸಾಬೀತು ಕಷ್ಟ ಎಂಬುದು ನಿಜ. ಆದರೆ ಮನುಷ್ಯರಿರುವ ಊರಿನ ಮೇಲೆ, ನೀರಿನ ಸೆಲೆಗಳ ಮೇಲೆ ಎರಡು ದಶಕ ಈ ವಿಷವನ್ನು ಆಕಾಶದಿಂದ ಸುರಿದದ್ದು ತಪ್ಪು ಎಂಬುದಕ್ಕೆ ಯಾವ ಸಮಿತಿಯ ವರದಿಯೂ ಬೇಕಿಲ್ಲ. 2011ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ನಿಷೇಧಿಸಿತು. ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ನಡೆದ ಸ್ಟಾಕ್‌ಹೋಮ್ ಒಪ್ಪಂದದ ಸಭೆ ಅದನ್ನು ಜಗತ್ತಿನಿಂದಲೇ ತೆಗೆದುಹಾಕಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿತು. ಮೇ 13ರಂದು ನಮ್ಮ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ನೀಡಿತು.

ಎರಡು ಉತ್ತರ, ಎರಡೂ ಅರೆಬರೆ

ಈಗ ಮೊದಲಿನ ವಾದಕ್ಕೆ ಬರೋಣ. ಉತ್ಪಾದಿಸುವ ದೇಶವೇ ಹೊಣೆ ಎನ್ನುವ ಪಕ್ಷಕ್ಕೆ ಕಾನೂನಿನ ಬಲವಿದೆ. ಮಾಲಿನ್ಯ ಮಾಡಿದವರೇ ದಂಡ ತೆರಬೇಕು ಎಂಬ ತತ್ವವನ್ನು ಶ್ರೀಮಂತ ದೇಶಗಳ ಒಇಸಿಡಿ ಕೂಟ 1972ರಲ್ಲಿ ಒಪ್ಪಿತು. 1992ರ ರಿಯೊ ಘೋಷಣೆಯ 16ನೆಯ ತತ್ವದಲ್ಲಿ ಅದು ಸೇರಿತು. ರಾಜಸ್ಥಾನದ ಬಿಛಡಿ ಗ್ರಾಮದ ರಾಸಾಯನಿಕ ಕಾರ್ಖಾನೆಗಳ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 1996ರಲ್ಲಿ ಅದನ್ನೇ ಎತ್ತಿಹಿಡಿಯಿತು. ಹವಾಮಾನ ಒಪ್ಪಂದದ ಲೆಕ್ಕಪತ್ರವೂ ಇದೇ ಬಗೆಯದು. ಹೊಗೆ ಯಾವ ದೇಶದ ನೆಲದಿಂದ ಎದ್ದಿತೋ ಆ ದೇಶದ ಖಾತೆಗೆ ಬರೆಯಲಾಗುತ್ತದೆ.

ಈ ಲೆಕ್ಕದಲ್ಲಿ ದೊಡ್ಡ ತೂತಿದೆ. ಸ್ಟೀವನ್ ಡೇವಿಸ್ ಮತ್ತು ಕೆನ್ ಕಾಲ್ಡೀರಾ ಎಂಬ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2004ರಲ್ಲಿ ಜಗತ್ತು ಹೊರಬಿಟ್ಟ ಇಂಗಾಲದ ಡೈಆಕ್ಸೈಡಿನ ಸುಮಾರು ಶೇ. 23ರಷ್ಟು ದೇಶದಿಂದ ದೇಶಕ್ಕೆ ಸಾಗಿದ ಸರಕುಗಳ ತಯಾರಿಕೆಯಿಂದ ಬಂದದ್ದು. ಹೆಚ್ಚಿನ ಸರಕು ಚೀನಾ ಮುಂತಾದ ದೇಶಗಳಲ್ಲಿ ತಯಾರಾಗಿ ಶ್ರೀಮಂತ ದೇಶಗಳಲ್ಲಿ ಬಳಕೆಯಾಯಿತು. ಕಾರ್ಖಾನೆಯನ್ನು ಬಡ ದೇಶಕ್ಕೆ ಸಾಗಿಸಿ, ಸರಕನ್ನು ತಾನು ತರಿಸಿಕೊಂಡು, ತನ್ನ ಗಾಳಿ ಶುದ್ಧವಾಯಿತೆಂದು ಹೇಳಿಕೊಳ್ಳಲು ಈ ಲೆಕ್ಕ ಅವಕಾಶ ಕೊಡುತ್ತದೆ. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿದಂತೆ.

ಹಾಗಾದರೆ ತಿಂದವರೇ ಹೊಣೆ ಎನ್ನೋಣವೇ? ಅದೂ ಪೂರ್ಣ ಸತ್ಯವಲ್ಲ. ನ್ಯೂಯಾರ್ಕಿನಲ್ಲೋ ಮಾಸ್ಕೋದಲ್ಲೋ 1985ರಲ್ಲಿ ಗೋಡಂಬಿ ತಿಂದ ಮನುಷ್ಯನಿಗೆ ಕೊಕ್ಕಡದ ಹೆಸರೇ ಗೊತ್ತಿರಲಿಲ್ಲ. ಡಬ್ಬಿಯ ಮೇಲೆ ಬರೆದಿರಲಿಲ್ಲ, ಬರೆಯಬೇಕೆಂಬ ಕಾನೂನೂ ಇರಲಿಲ್ಲ. ಕೊಳ್ಳುವ ದೇಶಗಳು ಆಹಾರದಲ್ಲಿ ಕೀಟನಾಶಕದ ಉಳಿಕೆ ಎಷ್ಟಿರಬಹುದು ಎಂದು ಮಿತಿ ಹಾಕುತ್ತವೆ. ಬಂದರಿನಲ್ಲಿ ಪರೀಕ್ಷೆ ಮಾಡುತ್ತವೆ. ಆದರೆ ಗೇರಿನ ತಿರುಳು ದಪ್ಪ ಸಿಪ್ಪೆಯೊಳಗೆ ಭದ್ರವಾಗಿರುವ ವಸ್ತು. ಮರದ ಮೇಲೆ ಸುರಿದ ವಿಷ ಎಲೆ, ಮಣ್ಣು, ನೀರಿಗೆ ಸೇರಿದಷ್ಟು ಸುಲಭವಾಗಿ ತಿರುಳಿಗೆ ಸೇರುವುದಿಲ್ಲ. ತಿರುಳು ಪರೀಕ್ಷೆಯಲ್ಲಿ ಪಾಸಾಗಬಹುದು, ಊರು ಹಾಳಾಗಿರಬಹುದು. ತಿನ್ನುವವರ ದೇಹವನ್ನು ಕಾಯಲು ಕಾನೂನಿದೆ, ಬೆಳೆಯುವ ಊರನ್ನು ಕಾಯಲು ಆ ಕಾನೂನಿಗೆ ಕಣ್ಣಿಲ್ಲ. ಗ್ರಾಹಕ ಹೊಣೆ ಎನ್ನುವುದಾದರೆ ಮೊದಲು ಹೊಣೆ ಹೊರಬೇಕಾದದ್ದು ಅಂಗಡಿಯಲ್ಲಿ ಡಬ್ಬಿ ಎತ್ತಿಕೊಂಡ ವ್ಯಕ್ತಿಯಲ್ಲ, ತಿರುಳನ್ನಷ್ಟೇ ಪರೀಕ್ಷಿಸಿ ಊರನ್ನು ಕೇಳದ ಆ ದೇಶದ ಕಾನೂನು.

ಇನ್ನೊಂದು ವಿಷಯ. ಐರೋಪ್ಯ ಒಕ್ಕೂಟ 2005ರಲ್ಲೇ ತನ್ನಲ್ಲಿ ಎಂಡೋಸಲ್ಫಾನಿನ ಅನುಮತಿ ಹಿಂತೆಗೆದುಕೊಂಡಿತು. ಆಗ ಇಲ್ಲಿನ ತಯಾರಕರು, ಇದು ತಮ್ಮ ದುಬಾರಿ ಹೊಸ ಔಷಧಿಗಳನ್ನು ಮಾರಲು ಯುರೋಪ್ ಹೂಡಿದ ತಂತ್ರ ಎಂದರು. ಭಾರತ ಸರ್ಕಾರವೂ ಅಂತರರಾಷ್ಟ್ರೀಯ ಸಭೆಗಳಲ್ಲಿ ನಿಷೇಧವನ್ನು ವರ್ಷಗಟ್ಟಲೆ ವಿರೋಧಿಸಿತು. ಶ್ರೀಮಂತ ದೇಶಗಳ ಇಬ್ಬಗೆ ನೀತಿ ಸುಳ್ಳಲ್ಲ. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಯುರೋಪಿನಲ್ಲಿ 2007ರಿಂದ ಬಳಕೆಯಲ್ಲಿಲ್ಲ, ಬ್ರಿಟನ್ನಿನ ಕಾರ್ಖಾನೆಯಿಂದ ಅದು ಹೊರದೇಶಗಳಿಗೆ ಹೋಗುವುದು ನಿಲ್ಲಲಿಲ್ಲ. ಆದರೆ ಅವರ ಇಬ್ಬಗೆ ನೀತಿಯನ್ನು ತೋರಿಸಿ ನಮ್ಮ ಊರಿಗೆ ವಿಷ ಸುರಿಯುವುದನ್ನು ಸಮರ್ಥಿಸಿದ್ದು ಯಾವ ನ್ಯಾಯ? ನಿಷೇಧದ ನಂತರ ದೇಶದಲ್ಲಿ ಉಳಿದಿದ್ದ ಎಂಡೋಸಲ್ಫಾನ್ ದಾಸ್ತಾನನ್ನು ಹೊರದೇಶಗಳಿಗೆ ಕಳುಹಿಸಲು 2011ರ ಸೆಪ್ಟೆಂಬರಿನಲ್ಲಿ ಅನುಮತಿ ಸಿಕ್ಕಿತು. ನಮಗೆ ಬೇಡವಾದ ವಿಷವನ್ನು ನಾವೂ ಬೇರೆಯವರಿಗೆ ಮಾರಿದೆವು.

ಹೊಣೆಯನ್ನು ಅಳೆಯುವ ಮೂರು ಪ್ರಶ್ನೆ

ದೇಶಗಳನ್ನು ಎರಡು ಸಾಲಿನಲ್ಲಿ ನಿಲ್ಲಿಸಿ ಯಾವ ಸಾಲು ತಪ್ಪಿತಸ್ಥ ಎಂದು ಕೇಳುವುದನ್ನು ಬಿಡಬೇಕು. ಸರಪಳಿಯ ಒಬ್ಬೊಬ್ಬರಿಗೂ ಮೂರು ಪ್ರಶ್ನೆ ಕೇಳಬೇಕು. ಅಪಾಯ ನಿನಗೆ ಗೊತ್ತಿತ್ತೇ? ತಡೆಯುವ ಅಧಿಕಾರ ನಿನಗಿತ್ತೇ? ಲಾಭ ನಿನಗೆ ಬಂತೇ?

ತಯಾರಕ ಕಂಪನಿಗೆ ಗೊತ್ತಿತ್ತು, ಡಬ್ಬಿಯ ಮೇಲೆ ವಿಷದ ಗುರುತನ್ನು ಹಾಕಿದ್ದೇ ಅದು. ತಡೆಯಬಹುದಿತ್ತು. ಲಾಭವೂ ಬಂತು. ತೋಪಿನ ನಿಗಮಕ್ಕೆ ನಿಯಮಗಳು ಗೊತ್ತಿದ್ದವು, ಸಿಂಪಡಿಸಬೇಕೋ ಬೇಡವೋ ಎಂಬ ತೀರ್ಮಾನ ಅದರದೇ, ಫಸಲು ಅದರದೇ. ಪರವಾನಗಿ ಕೊಟ್ಟ ಸರ್ಕಾರಕ್ಕೆ ತಡೆಯುವ ಪೂರ್ಣ ಅಧಿಕಾರವಿತ್ತು, ವಿದೇಶಿ ವಿನಿಮಯದ ಲಾಭವೂ ಇತ್ತು. ಕೊಳ್ಳುವ ದೇಶಗಳಿಗೆ ತಿಳಿದುಕೊಳ್ಳುವ ಶಕ್ತಿಯಿತ್ತು, ಷರತ್ತು ಹಾಕುವ ಅಧಿಕಾರವಿತ್ತು, ಅಗ್ಗದ ಗೋಡಂಬಿಯ ಲಾಭವಿತ್ತು. ತಿಂದ ವ್ಯಕ್ತಿಗೆ ಸ್ವಲ್ಪ ಲಾಭ ಸಿಕ್ಕಿತು. ಅವನಿಗೆ ತಿಳಿದದ್ದು ಕಡಿಮೆ, ಒಬ್ಬಂಟಿಯಾಗಿ ತಡೆಯುವ ಶಕ್ತಿ ಇನ್ನೂ ಕಡಿಮೆ. ಕೊನೆಗೆ ಕೊಕ್ಕಡದ ಕೂಲಿಕಾರ ಕುಟುಂಬ. ಅವರಿಗೆ ಯಾರೂ ಹೇಳಲಿಲ್ಲ. ತಡೆಯುವ ಅಧಿಕಾರ ಇರಲಿಲ್ಲ. ತೋಪಿನಲ್ಲಿ ಬೀಜ ಹೆಕ್ಕಿದ ದಿನಗೂಲಿ ಬಿಟ್ಟರೆ ಲಾಭವೂ ಇರಲಿಲ್ಲ. ಮೂರೂ ಪ್ರಶ್ನೆಗೆ ಇಲ್ಲ ಎನ್ನುವ ಹಕ್ಕು ಆ ಮನೆಯವರಿಗಿದೆ. ಅತಿ ಹೆಚ್ಚು ಬೆಲೆ ತೆತ್ತವರೂ ಅವರೇ.

ಉತ್ಪಾದಿಸಿದ ದೇಶ ಹೊಣೆ ಎಂದಾಗ ಆಗುವ ದೊಡ್ಡ ಅನ್ಯಾಯ ಇದು. ವಿಷ ತಯಾರಿಸಿದ ಕಂಪನಿ, ಅದನ್ನು ಸುರಿದ ನಿಗಮ, ಅದನ್ನು ಕುಡಿದ ಮಗು ಎಲ್ಲರೂ 'ಭಾರತ' ಎಂಬ ಒಂದೇ ಖಾತೆಯೊಳಗೆ ಸೇರಿಬಿಡುತ್ತಾರೆ. ಜಿನೀವಾದಲ್ಲಿ ಭಾರತ ನಿಷೇಧವನ್ನು ವಿರೋಧಿಸಿದಾಗ ಅದು ಕೊಕ್ಕಡದ ಹೆಸರಿನಲ್ಲೂ ಮಾತಾಡಿತು. ಕೊಕ್ಕಡದ ಮಾತನ್ನು ಕೇಳದೆಯೇ ಮಾತಾಡಿತು.

ಕುದುರೆಮುಖ ಹೇಳುವ ಮಾತು

ಬೆಳ್ತಂಗಡಿಯಿಂದ ಬಡಗಣಕ್ಕೆ ನೋಡಿದರೆ ಕಾಣುವ ಕುದುರೆಮುಖದ ಸಾಲು ಇದೇ ಪಾಠವನ್ನು ಬೇರೆ ರೀತಿಯಲ್ಲಿ ಹೇಳುತ್ತದೆ. ಇರಾನಿನ ಷಾ ಸರ್ಕಾರ 1975ರಲ್ಲಿ ಭಾರತದೊಡನೆ ಒಪ್ಪಂದ ಮಾಡಿಕೊಂಡಿತು. 21 ವರ್ಷಗಳಲ್ಲಿ 15 ಕೋಟಿ ಟನ್ ಅದಿರು ಕಳುಹಿಸಬೇಕು, ಗಣಿಗೆ ಬೇಕಾದ ಸಾಲವನ್ನು ಇರಾನ್ ಕೊಡುತ್ತದೆ ಎಂಬುದು ಅದರ ಸಾರ. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಭದ್ರೆಯ ತಲೆಯ ಮೇಲೆ ಗಣಿ ತೆರೆಯಿತು, ಅದಿರಿನ ಕೆಸರನ್ನು ಪಣಂಬೂರಿಗೆ ಸಾಗಿಸಲು 67 ಕಿಲೋಮೀಟರ್ ಕೊಳವೆ ಹಾಕಲಾಯಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಗಿರಾಕಿ ಹಿಂದೆ ಸರಿದ. ಆದರೆ ಕಡಿದ ಕಾಡು, ಕೊರೆದ ಗುಡ್ಡ ಹಿಂದೆ ಸರಿಯುವಂತಿರಲಿಲ್ಲ. ಹಾಕಿದ ಬಂಡವಾಳಕ್ಕಾಗಿ ಬೇರೆ ಗಿರಾಕಿಗಳನ್ನು ಹುಡುಕಿ ಅದಿರು ರಫ್ತಾಯಿತು. ಪರಿಸರವಾದಿಗಳ ಹೋರಾಟದ ನಂತರ ಸುಪ್ರೀಂ ಕೋರ್ಟ್ 2002ರಲ್ಲಿ ಆದೇಶ ನೀಡಿತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಕೊಳ್ಳುವವರು ಬದಲಾಗುತ್ತಾರೆ, ಹಣ ಮತ್ತೊಂದು ದೇಶಕ್ಕೆ ಹೋಗುತ್ತದೆ. ನೆಲ, ನೀರು, ಅಲ್ಲಿ ಬದುಕುವ ಜನ ಎಲ್ಲಿಗೂ ಹೋಗುವಂತಿಲ್ಲ. ಆದ್ದರಿಂದ ನೆಲವನ್ನು ಕಾಯುವ ಮೊದಲ ಕರ್ತವ್ಯ ಆ ನೆಲದ ಸರ್ಕಾರದ್ದೇ. ಕೊಳ್ಳುವವರ ತಪ್ಪು ಎಷ್ಟೇ ದೊಡ್ಡದಿರಲಿ, ಈ ಕರ್ತವ್ಯ ಅದರಿಂದ ಕಡಿಮೆಯಾಗುವುದಿಲ್ಲ.

ಈಗ ತಿನ್ನುವವರು ನಾವು

ಕಾಲ ಬದಲಾಗಿದೆ. ಮೂಡುಬಿದಿರೆ, ಕಾರ್ಕಳ, ಬಂಟ್ವಾಳ, ಪುತ್ತೂರುಗಳ ಬೀಜದ ಕಾರ್ಖಾನೆಗಳಿಗೆ ಇಂದು ಊರಿನ ಗೇರು ಸಾಲುವುದಿಲ್ಲ. ಐವರಿ ಕೋಸ್ಟ್, ಬೆನಿನ್, ಘಾನಾ, ಗಿನಿ-ಬಿಸ್ಸಾವ್, ತಾಂಜಾನಿಯಾಗಳಿಂದ ಹಡಗಿನಲ್ಲಿ ಹಸಿ ಬೀಜ ಬರುತ್ತದೆ. ನಮ್ಮ ಹೆಂಗಸರು ಅದನ್ನು ಒಡೆದು, ಸಿಪ್ಪೆ ಬಿಡಿಸಿ, ದರ್ಜೆ ಪ್ರಕಾರ ವಿಂಗಡಿಸುತ್ತಾರೆ. ಸಿಪ್ಪೆಯ ಎಣ್ಣೆ ತಾಗಿ ಬೆರಳ ಚರ್ಮ ಸುಲಿಯುವ ಕಷ್ಟವನ್ನು ಈ ಕೆಲಸ ಬಲ್ಲವರೆಲ್ಲ ಬಲ್ಲರು. ಗೋಡಂಬಿ ರಫ್ತಿನಲ್ಲಿ ಭಾರತವನ್ನು ವಿಯೆಟ್ನಾಂ 2006ರ ಹೊತ್ತಿಗೇ ಹಿಂದಿಕ್ಕಿತು. ನಮ್ಮ ಕಾರ್ಖಾನೆಗಳ ಬಹುಪಾಲು ತಿರುಳು ಈಗ ನಮ್ಮದೇ ಸಿಹಿತಿಂಡಿ, ಮದುವೆಯೂಟ, ದೀಪಾವಳಿ ಉಡುಗೊರೆಗಳಿಗೆ ಹೋಗುತ್ತದೆ. ಜಗತ್ತಿನಲ್ಲೇ ಅತಿ ಹೆಚ್ಚು ಗೋಡಂಬಿ ತಿನ್ನುವ ದೇಶ ಇಂದು ಭಾರತ.

ಹಾಗಾದರೆ ಐವರಿ ಕೋಸ್ಟಿನ ಗೇರು ತೋಪಿನ ಪಕ್ಕದ ಹಳ್ಳಿಯ ಬಾವಿ ಹೇಗಿದೆ ಎಂದು ನಾವು ಕೇಳುತ್ತಿದ್ದೇವೆಯೇ? ಅಲ್ಲಿ ಏನು ಸಿಂಪಡಿಸುತ್ತಾರೆ, ಯಾವ ಕಾಡು ಕಡಿದು ತೋಪು ಮಾಡಿದ್ದಾರೆ? ತಾಳೆ ಎಣ್ಣೆಯ ವಿಷಯದಲ್ಲೂ ಹೀಗೆಯೇ. ಜಗತ್ತಿನಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡುವ ದೇಶ ನಾವು. ಇಂಡೊನೇಷ್ಯಾ, ಮಲೇಷ್ಯಾಗಳಲ್ಲಿ ಅದಕ್ಕಾಗಿ ಉರುಳಿದ ಮಳೆಕಾಡಿನ ಒಂದು ಪಾಲು ನಮ್ಮ ಬೇಕರಿ, ಹೋಟೆಲು, ಬಿಸ್ಕತ್ತಿನ ಲೆಕ್ಕಕ್ಕೂ ಸೇರುತ್ತದೆ. ಕೊಕ್ಕಡದ ವಿಷಯದಲ್ಲಿ ಅಮೆರಿಕ ಮಾಡಲಿಲ್ಲ ಎಂದು ನಾವು ದೂರುವ ಕೆಲಸವನ್ನು ನಾವು ಇಂದು ಮಾಡಬೇಕಾಗಿದೆ. ಮಾಡದಿದ್ದರೆ ಆ ದೂರಿಗೆ ಬೆಲೆಯಿಲ್ಲ.

ಐರೋಪ್ಯ ಒಕ್ಕೂಟ ಈ ದಾರಿಯಲ್ಲಿ ಎರಡು ಹೆಜ್ಜೆ ಇಟ್ಟಿದೆ. ಉಕ್ಕು, ಸಿಮೆಂಟು, ಅಲ್ಯೂಮಿನಿಯಂ ಮುಂತಾದವು ತನ್ನ ಗಡಿಗೆ ಬರುವಾಗ ಅವುಗಳ ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲದ ಲೆಕ್ಕ ಕೇಳುವ ವ್ಯವಸ್ಥೆಯನ್ನು 2023ರ ಅಕ್ಟೋಬರಿನಲ್ಲಿ ಶುರುಮಾಡಿತು. ದನದ ಮಾಂಸ, ಕೋಕೊ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ, ಮರ ಈ ಏಳು ಸರಕುಗಳು ಕಾಡು ಕಡಿದ ನೆಲದಲ್ಲಿ ಬೆಳೆದಿರಬಾರದು ಎಂಬ ಕಾನೂನನ್ನು ಅದೇ ವರ್ಷ ಮಾಡಿ, ಜಾರಿಯನ್ನು ಮುಂದೂಡುತ್ತ ಬಂದಿದೆ. ಈ ಪಟ್ಟಿಯಲ್ಲಿ ಗೇರಿಲ್ಲ. ಈ ಎರಡೂ ಕ್ರಮಗಳು ಬಡ ದೇಶಗಳ ವ್ಯಾಪಾರಕ್ಕೆ ಅಡ್ಡಿ ಎಂದು ಭಾರತ ಆಕ್ಷೇಪಿಸುತ್ತಿದೆ. ಅದರಲ್ಲಿ ಹುರುಳಿದೆ. ಷರತ್ತನ್ನು ಪಾಲಿಸುವ ಖರ್ಚು ಸಣ್ಣ ಬೆಳೆಗಾರನ ತಲೆಗೆ ಬಂದು, ಕಾಗದಪತ್ರದ ಶಕ್ತಿಯಿರುವ ದೊಡ್ಡ ಕಂಪನಿಗಳು ಮಾತ್ರ ಮಾರುಕಟ್ಟೆಯಲ್ಲಿ ಉಳಿಯುವ ಅಪಾಯವಿದೆ. ಆದ್ದರಿಂದ ಷರತ್ತು ಹಾಕುವವರು ಖರ್ಚನ್ನೂ ಹಂಚಿಕೊಳ್ಳಬೇಕು. ಬೆಳೆಗಾರನಿಗೆ ಹೆಚ್ಚಿನ ಬೆಲೆ ಕೊಡದೆ ಶುದ್ಧ ಬೆಳೆಯನ್ನು ಬಯಸುವುದು ಹೊಣೆ ಹೊರುವ ರೀತಿಯಲ್ಲ.

ಆಗಬೇಕಾದ ಕೆಲಸ

ಹೊಣೆ ಎಂಬುದು ಚರ್ಚೆಯಲ್ಲೇ ಮುಗಿಯಬಾರದು. 2017ರ ಜನವರಿ 10ರಂದು ಸುಪ್ರೀಂ ಕೋರ್ಟ್, ಎಂಡೋಸಲ್ಫಾನ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ಆ ಹಣವನ್ನು ತಯಾರಕ ಕಂಪನಿಗಳಿಂದ ವಸೂಲು ಮಾಡಿಕೊಳ್ಳಲು ದಾರಿ ಬಿಟ್ಟಿತು. ಅಲ್ಲೂ ಹಣ ಕೈಸೇರಲು ಸಂತ್ರಸ್ತರು ವರ್ಷಗಟ್ಟಲೆ ಕಾಯಬೇಕಾಯಿತು. ಗಡಿಯ ಈಚೆಗೆ, ಬೆಳ್ತಂಗಡಿ, ಬಂಟ್ವಾಳ, ಪುತ್ತೂರು, ಸುಳ್ಯಗಳಲ್ಲಿ ಸರ್ಕಾರ ಗುರುತಿಸಿದ ಸಾವಿರಾರು ಸಂತ್ರಸ್ತರಿಗೆ ಮಾಸಾಶನವಿದೆ, ಕೊಕ್ಕಡ ಮತ್ತು ಕೊಯಿಲದಲ್ಲಿ ಪಾಲನಾ ಕೇಂದ್ರಗಳು ಬಂದಿವೆ. ಇವು ಹೋರಾಟದಿಂದ ಸಿಕ್ಕವು, ಬೇಕಾದವೇ. ಆದರೆ ಒಂದೇ ವಿಷ, ಒಂದೇ ಬೆಳೆ, ಒಂದೇ ಬಗೆಯ ಸಿಂಪಡಣೆ. ಅಡ್ಯನಡ್ಕದ ಗಡಿಗಲ್ಲಿನ ಆಚೆ ಒಂದು ನ್ಯಾಯ, ಈಚೆ ಇನ್ನೊಂದು ನ್ಯಾಯ ಇರಕೂಡದು. ಕೇರಳಕ್ಕೆ ಸಮನಾದ ಪರಿಹಾರವನ್ನು ಕರ್ನಾಟಕ ಕೊಡಬೇಕು, ಅದನ್ನು ತಯಾರಕರಿಂದ ವಸೂಲು ಮಾಡಲು ಮುಂದಾಗಬೇಕು. ತಂದೆ ತಾಯಿ ಕಣ್ಣುಮುಚ್ಚಿದ ಮೇಲೆ ಈ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಹಗಲು ಹೊತ್ತಿನ ಪಾಲನಾ ಕೇಂದ್ರ ಉತ್ತರವಾಗದು. ಜೀವನಪರ್ಯಂತ ಇದ್ದು ಆರೈಕೆ ಪಡೆಯುವ ಶಾಶ್ವತ ವ್ಯವಸ್ಥೆ ಬೇಕು.

ಎರಡನೆಯದು, ತನ್ನ ಜನರಿಗೆ ಬೇಡವೆಂದು ನಿಷೇಧಿಸಿದ ರಾಸಾಯನಿಕವನ್ನು ಯಾವ ದೇಶವೂ ಹೊರಗೆ ಮಾರಬಾರದು. ಫ್ರಾನ್ಸ್ 2022ರಿಂದ ಇಂಥ ಕಾನೂನನ್ನು ಜಾರಿಗೆ ತಂದಿದೆ. ಭಾರತವೂ ತರಬೇಕು, ಅದೇ ನಿಯಮವನ್ನು ಉಳಿದವರಿಂದಲೂ ಕೇಳಬೇಕು. ಆಗ ನಮ್ಮ ಮಾತಿಗೆ ತೂಕ ಬರುತ್ತದೆ.

ಮೂರನೆಯದು, ಆಕಾಶದಿಂದ ಸಿಂಪಡಿಸುವ ಪದ್ಧತಿ ಡ್ರೋನ್ ರೂಪದಲ್ಲಿ ಮರಳಿ ಬರುತ್ತಿದೆ. ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಕೇಂದ್ರದ ಯೋಜನೆಗೆ 2023ರಲ್ಲಿ ಒಪ್ಪಿಗೆ ಸಿಕ್ಕಿದೆ. ಕೂಲಿಯಾಳು ಸಿಗದ ನಮ್ಮ ತೋಟಗಳಲ್ಲಿ ಅದರ ಆಕರ್ಷಣೆ ಸಹಜ. ಡ್ರೋನ್ ಹೆಲಿಕಾಪ್ಟರಿಗಿಂತ ಕೆಳಗೆ ಹಾರುತ್ತದೆ ನಿಜ. ಆದರೂ ಯಾವ ಔಷಧಿ, ಯಾವ ದಿನ, ಯಾವ ಬಾವಿಯಿಂದ ಎಷ್ಟು ದೂರದಲ್ಲಿ ಎಂಬುದು ಗ್ರಾಮಸಭೆಯ ಮುಂದೆ ಬಂದು ಒಪ್ಪಿಗೆ ಪಡೆಯಬೇಕು. ಬೆಳ್ತಂಗಡಿಯ ಗುಡ್ಡದ ನೀರು ನೇತ್ರಾವತಿಯಾಗಿ ಬಂಟ್ವಾಳ ದಾಟಿ, ತುಂಬೆಯ ಅಣೆಕಟ್ಟಿನಿಂದ ಮಂಗಳೂರಿನ ನಲ್ಲಿಗಳಿಗೆ ಹೋಗುತ್ತದೆ. ಗುಡ್ಡದ ಮೇಲಿನ ತೀರ್ಮಾನ ಗುಡ್ಡದವರೊಬ್ಬರದೇ ಪ್ರಶ್ನೆಯಲ್ಲ.

ಔಷಧಿ ಹೊಡೆಯದೆ ಬೆಳೆ ಬಾರದು ಎಂಬ ಭಯಕ್ಕೂ ಉತ್ತರವಿದೆ. ಎಂಡೋಸಲ್ಫಾನ್ ನಿಂತ ಮೇಲೂ ಗೇರು ಬೆಳೆಯುತ್ತಿದೆ. ಮರದಲ್ಲಿ ಎಲೆ ಹೆಣೆದು ಗೂಡು ಕಟ್ಟುವ ಚಗಳಿ ಇರುವೆ ಟೀ ಸೊಳ್ಳೆಯನ್ನು ಹತೋಟಿಯಲ್ಲಿಡುತ್ತದೆ ಎಂಬುದನ್ನು ಸಂಶೋಧನೆಗಳು ತೋರಿಸಿವೆ. ಇಂಥ ದಾರಿ ಹಿಡಿಯುವ ರೈತನಿಗೆ ಮೊದಲ ವರ್ಷಗಳ ನಷ್ಟ ತುಂಬಿಕೊಡುವವರು ಬೇಕು. ಕೊಳ್ಳುವವರ ಪಾಲಿನ ಹೊಣೆ ಇಲ್ಲಿಂದ ಶುರುವಾಗುತ್ತದೆ.

ಕೊನೆಗೆ ನಾವು ಕೊಳ್ಳುವವರಾಗಿ ಮಾಡಬೇಕಾದದ್ದು. ಗೋಡಂಬಿ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಬಿಟ್ಟರೆ ಮೊದಲು ಕೆಲಸ ಕಳೆದುಕೊಳ್ಳುವವರು ಮೂಡುಬಿದಿರೆಯ ಕಾರ್ಖಾನೆಯ ಹೆಂಗಸರು, ಆಫ್ರಿಕದ ಸಣ್ಣ ಬೆಳೆಗಾರರು. ಆಮದಾಗುವ ಬೀಜ ಯಾವ ಪ್ರದೇಶದ್ದು, ಅಲ್ಲಿ ಏನು ಸಿಂಪಡಿಸಿದ್ದಾರೆ ಎಂಬುದು ದಾಖಲೆಯಾಗಬೇಕು, ಪೊಟ್ಟಣದ ಮೇಲೆ ಬರಬೇಕು, ಬಂದರಿನ ಪರೀಕ್ಷೆ ತಿರುಳಿನಾಚೆಗೂ ಹೋಗಬೇಕು ಎಂದು ನಮ್ಮ ಸಂಸದರನ್ನು, ಸರ್ಕಾರವನ್ನು ಒತ್ತಾಯಿಸುವ ಶಕ್ತಿ ನಮಗಿದೆ. ಅಂಗಡಿಯಲ್ಲಿ ನಿಂತ ಒಬ್ಬ ಗ್ರಾಹಕನಿಗೆ ಆ ಶಕ್ತಿಯಿಲ್ಲ, ಮತದಾರರಾದ ಕೋಟ್ಯಂತರ ಗ್ರಾಹಕರಿಗೆ ಇದೆ. ಗೊತ್ತಿದ್ದೂ ಶಕ್ತಿಯಿದ್ದೂ ಸುಮ್ಮನಿದ್ದರೆ, ಆ ಮೂರು ಪ್ರಶ್ನೆಗಳ ಮುಂದೆ ಇನ್ನು ನಿಲ್ಲಬೇಕಾದವರು ನಾವೇ.